ಫಿಲ್ಲಿಂಗ್ ಅಂಚಿನ ಕಪ್ಪು ಗೆರೆ: ಆರ್‌ವಿಜಿ ಫಿಲ್ಟರ್‌ಗಳನ್ನ ಎಷ್ಟು ನಂಬೋದು?

ತಿಪಟೂರು ಡೆಂಟಿಸ್ಟ್:

ಎಲ್ಲರಿಗೂ ನಮಸ್ಕಾರ. ಹದಿನೈದು ದಿನದ ಹಿಂದೆ ನನ್ನ ಕೈಯಿಂದ ಒಂದು ತಪ್ಪಾಯಿತು. ಇಲ್ಲಿ ಹೇಳಿಕೊಳ್ಳದೆ ಇದ್ದರೆ ಸಮಾಧಾನ ಆಗೋದಿಲ್ಲ, ಅದಕ್ಕೇ ಬರೀತಿದ್ದೀನಿ.

ನಲವತ್ತರ ಆಸುಪಾಸಿನ ಶಿಕ್ಷಕಿಯೊಬ್ಬರು ಚೆಕಪ್‌ಗೆ ಬಂದಿದ್ದರು. ನೋವಿಲ್ಲ, ತಣ್ಣೀರು ಕುಡಿದರೆ ಜುಮ್ ಅನ್ನೋದೂ ಇಲ್ಲ. ಕೆಳಗಿನ ಎಡಗಡೆ ದವಡೆ ಹಲ್ಲು 36ರಲ್ಲಿ ಹಳೇ ಅಮಾಲ್ಗಮ್ (ಪಾದರಸ ಬೆರೆತ ಲೋಹದ) ಫಿಲ್ಲಿಂಗ್, ಹತ್ತು ವರ್ಷದ್ದಂತೆ. ಆರ್‌ವಿಜಿ, ಅಂದರೆ ಹಲ್ಲಿನ ಡಿಜಿಟಲ್ ಎಕ್ಸ್‌ರೇ, ತೆಗೆದೆ. ಫಿಲ್ಲಿಂಗ್ ಅಂಚಿಗೆ ಅಂಟಿಕೊಂಡ ಹಾಗೆ ಸಣ್ಣ ಕಪ್ಪು ಗೆರೆ, ಪೆನ್ಸಿಲ್‌ನಲ್ಲಿ ಎಳೆದಷ್ಟು ಸ್ಪಷ್ಟ. ‘ಒಳಗಡೆ ಮತ್ತೆ ಹುಳುಕು ಶುರುವಾಗಿದೆ, ತೆಗೆದು ಹೊಸದು ಹಾಕೋಣ’ ಅಂದೆ. ಅವರು ನಂಬಿ ಒಪ್ಪಿದರು.

ಅಮಾಲ್ಗಮ್ ಪೂರ್ತಿ ತೆಗೆದು ನೋಡಿದರೆ ಕೆಳಗೆ ಏನೂ ಇಲ್ಲ. ಡೆಂಟಿನ್, ಅಂದರೆ ಹೊರಗಿನ ಎನಾಮಲ್ ಕೆಳಗಿನ ಪದರ, ಗಟ್ಟಿ. ಹುಳುಕು ಕೆರೆಯೋ ಎಕ್ಸ್‌ಕವೇಟರ್ ಎಳೆದರೆ ಕರ್‌ಕರ್ ಅಂತ ಸದ್ದು, ಒಂದು ಚೂರೂ ಏಳಲಿಲ್ಲ. ಅಮಾಲ್ಗಮ್ ಬಿಟ್ಟು ಹೋದ ಬೂದು ಬಣ್ಣ ಇತ್ತು, ಅಷ್ಟೇ. ಇನ್ನೂ ಹತ್ತು ವರ್ಷ ಬಾಳಬಹುದಾಗಿದ್ದ ಫಿಲ್ಲಿಂಗನ್ನ ಕಿತ್ತು ಕೂತಿದ್ದೆ.

ಸಂಜೆ ಪೇಷೆಂಟ್‌ಗಳೆಲ್ಲ ಹೋದ ಮೇಲೆ ಅದೇ ಚಿತ್ರ ತೆರೆದು ಒಂದೊಂದೇ ಬಟನ್ ಒತ್ತುತ್ತಾ ಬಂದೆ. ‘ಒರಿಜಿನಲ್’ ಒತ್ತಿದ ತಕ್ಷಣ ಗೆರೆ ಮಾಯ. ಕಳೆದ ಸಲ ಸರ್ವಿಸ್‌ಗೆ ಬಂದ ಹುಡುಗ ‘ಚಿತ್ರ ಚೆನ್ನಾಗಿ ಕಾಣುತ್ತೆ ಮೇಡಂ’ ಅಂತ ಅಂಚು ಚೂಪು ಮಾಡೋ ಶಾರ್ಪನ್ ಫಿಲ್ಟರನ್ನ ಪ್ರತಿ ಚಿತ್ರಕ್ಕೂ ತಾನಾಗೇ ಬರೋ ಹಾಗೆ ಇಟ್ಟು ಹೋಗಿದ್ದ. ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು, ಹಾಗಾಗಿ ನಾನೂ ಕೇಳಿರಲಿಲ್ಲ. ಮರುದಿನ ಆ ಶಿಕ್ಷಕಿಗೆ ಫೋನ್ ಮಾಡಿ ನಡೆದದ್ದನ್ನ ನಡೆದ ಹಾಗೇ ಹೇಳಿದೆ, ದುಡ್ಡು ವಾಪಸ್ ಕೊಟ್ಟೆ.

ನನ್ನ ಪ್ರಶ್ನೆ ಎರಡು. ಫಿಲ್ಟರ್ ಹುಟ್ಟಿಸಿದ ಗೆರೆ ಯಾವುದು, ನಿಜವಾದ ಹುಳುಕು ಯಾವುದು ಅಂತ ಕುರ್ಚಿ ಪಕ್ಕದಲ್ಲೇ ಗುರುತಿಸೋದು ಹೇಗೆ? ಈ ಫಿಲ್ಟರ್‌ಗಳಲ್ಲಿ ರೋಗ ಪತ್ತೆಗೆ ನಿಜವಾಗಿ ನೆರವಾಗೋದು ಯಾವುದಾದರೂ ಇದೆಯಾ?

ಓಎಂಆರ್ ಮೇಷ್ಟ್ರು, ದಾವಣಗೆರೆ:

ಡಾಕ್ಟ್ರೇ, ಪೇಷೆಂಟ್‌ಗೆ ಫೋನ್ ಮಾಡಿ ಹೇಳಿದಿರಲ್ಲ, ಅದು ದೊಡ್ಡ ಮಾತು. ಇದು ನಿಮ್ಮೊಬ್ಬರ ಕಥೆ ಅಂದುಕೊಳ್ಳಬೇಡಿ. ನಮ್ಮ ಓಎಂಆರ್ (ಬಾಯಿ ರೋಗ, ಎಕ್ಸ್‌ರೇ) ವಿಭಾಗಕ್ಕೆ ಅಭಿಪ್ರಾಯ ಕೇಳಿ ಬರೋ ಚಿತ್ರಗಳಲ್ಲಿ ಇಂಥ ಗೆರೆ ನಾನು ಎಷ್ಟೋ ಸಲ ನೋಡಿದ್ದೀನಿ.

ಲೋಹದ ಪಕ್ಕದಲ್ಲಿ ಕಪ್ಪಾಗಿ ಕಾಣೋಕೆ ನಾಲ್ಕೈದು ಬೇರೆ ಬೇರೆ ಕಾರಣಗಳಿವೆ, ಅವುಗಳನ್ನ ಒಂದರೊಳಗೊಂದು ಬೆರೆಸಬಾರದು. ಮೊದಲನೆಯದು ನಮ್ಮ ಕಣ್ಣಿನದೇ ಗುಣ. ಬಿಳಿ ಮತ್ತು ಬೂದು ಒಂದಕ್ಕೊಂದು ತಾಗೋ ಕಡೆ ಬೂದಿನ ಅಂಚು ಇನ್ನೂ ಕಪ್ಪಾಗಿ ಕಾಣುತ್ತೆ. ಅರ್ನ್ಸ್ಟ್ ಮಾಖ್ 1865ರಲ್ಲೇ ಇದನ್ನ ವಿವರಿಸಿದ್ದ, ಅದಕ್ಕೇ ಮಾಖ್ ಬ್ಯಾಂಡ್ ಅನ್ನೋ ಹೆಸರು. ಇದನ್ನ ಪರೀಕ್ಷೆ ಮಾಡೋಕೆ ಒಂದು ಚೀಟಿ ಸಾಕು: ಮಾನಿಟರ್ ಮೇಲೆ ಫಿಲ್ಲಿಂಗ್‌ನ ಬಿಳಿ ಭಾಗವನ್ನಷ್ಟೇ ಮುಚ್ಚಿ. ಗೆರೆ ಹೋಯಿತು ಅಂದರೆ ಅದು ಚಿತ್ರದಲ್ಲಿ ಇರಲೇ ಇಲ್ಲ. ಎರಡನೆಯದು ಹಲ್ಲಿನ ಕುತ್ತಿಗೆ ಭಾಗದ ಸರ್ವೈಕಲ್ ಬರ್ನ್‌ಔಟ್. ಎನಾಮಲ್ ಮುಗಿಯೋ ಕಡೆಯಿಂದ ಮೂಳೆಯ ಅಂಚಿನ ತನಕ ಕಿರಣಕ್ಕೆ ಅಡ್ಡ ಬರೋ ಪದಾರ್ಥ ಕಮ್ಮಿ, ಹಾಗಾಗಿ ಕಪ್ಪು. ಟ್ಯೂಬ್‌ನ ಕೋನ ಸ್ವಲ್ಪ ಬದಲಾಯಿಸಿ ಇನ್ನೊಂದು ತೆಗೆದರೆ ಅದರ ಆಕಾರ ಬದಲಾಗುತ್ತೆ. ಕಾಂಪೋಸಿಟ್, ಅಂದರೆ ಹಲ್ಲಿನ ಬಣ್ಣದ ಫಿಲ್ಲಿಂಗ್ ಕೆಳಗಾದರೆ ಅದನ್ನ ಅಂಟಿಸೋ ಬಾಂಡಿಂಗ್ ಏಜೆಂಟ್ ಮೂಲೆಯಲ್ಲಿ ನಿಂತು ಒಣಗಿದ್ದೂ ಕಪ್ಪು ಗೆರೆಯಾಗುತ್ತೆ. ಫಿಲ್ಲಿಂಗ್ ಕೆಳಗೆ ಹಚ್ಚೋ ಹಳೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಲೈನರ್‌ಗಳಲ್ಲಿ ಕೆಲವೂ ಹಾಗೇ.

ನಿಮಗೆ ಸಿಕ್ಕಿದ್ದು ಇವ್ಯಾವುದೂ ಅಲ್ಲ, ಫಿಲ್ಟರ್‌ನ ನೆರಳು. ಅದರ ಗುರುತು ಹೇಳ್ತೀನಿ. ಅದು ಎಲ್ಲ ಕಡೆ ಒಂದೇ ದಪ್ಪ ಇರುತ್ತೆ. ಹುಳುಕು ಅಷ್ಟು ಶಿಸ್ತಾಗಿ ಬೆಳೆಯೋದಿಲ್ಲ, ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಮಸುಕಾಗಿ ಮುಗಿಯುತ್ತೆ. ಫಿಲ್ಟರ್ ಗೆರೆ ಲೋಹದ ಸುತ್ತುಮುತ್ತ ಎಲ್ಲ ಅಂಚಿಗೂ ಬರುತ್ತೆ. ಅದೇ ಚಿತ್ರದಲ್ಲಿ ಬೇರೆ ಲೋಹ ಇದ್ದರೆ, ಅಂದರೆ ಹಲ್ಲಿಗೆ ಸಿಕ್ಕಿಸೋ ರಬ್ಬರ್ ಡ್ಯಾಮ್ ಕ್ಲ್ಯಾಂಪೋ, ಪಕ್ಕದ ಹಲ್ಲಿನ ಕ್ಯಾಪೋ, ಮೂಳೆಯ ಮೇಲೆ ಬಿದ್ದಿರೋ ಅದರ ಅಂಚನ್ನ ನೋಡಿ. ಕ್ಲ್ಯಾಂಪ್‌ಗೂ ‘ಹುಳುಕು’ ಹಿಡಿದಿದ್ದರೆ ಉತ್ತರ ಸಿಕ್ಕಿತು. ಇಂಪ್ಲಾಂಟ್ ಹಾಕೋರು ಇದನ್ನ ಇನ್ನೂ ಜೋಪಾನವಾಗಿ ನೋಡಬೇಕು. ಟೈಟಾನಿಯಂ ಸುತ್ತ ಇದೇ ತೆಳು ಕಪ್ಪು ಕೋಟು ಬಂದರೆ ಮೂಳೆ ಹಿಡಿದೇ ಇಲ್ಲವೇನೋ ಅನ್ನಿಸುತ್ತೆ.

ಸಿಗ್ನಲ್ ಎಂಜಿನಿಯರ್, ಬೆಂಗಳೂರು:

ನಾನು ದಂತವೈದ್ಯನಲ್ಲ, ಇಮೇಜ್ ಪ್ರೊಸೆಸಿಂಗ್ ನನ್ನ ಕೆಲಸ. ನಮ್ಮಕ್ಕ ಡೆಂಟಿಸ್ಟ್, ಅವಳು ಇಲ್ಲಿಯ ಲಿಂಕ್ ಕಳಿಸಿದಳು. ಆ ಗೆರೆ ಹೇಗೆ ಹುಟ್ಟುತ್ತೆ ಅಂತ ಲೆಕ್ಕ ಹಾಕಿ ತೋರಿಸ್ತೀನಿ, ಆಗ ಹೆದರಿಕೆ ಇರೋದಿಲ್ಲ.

ಶಾರ್ಪನ್ ಅಂದರೆ ಬಹುತೇಕ ಅನ್‌ಶಾರ್ಪ್ ಮಾಸ್ಕ್. ಮೊದಲು ಚಿತ್ರದ ಒಂದು ಮಸುಕಾದ ಪ್ರತಿ ಮಾಡಿಕೊಳ್ಳುತ್ತೆ. ಮೂಲದಿಂದ ಅದನ್ನ ಕಳೆಯುತ್ತೆ. ಬಂದ ವ್ಯತ್ಯಾಸವನ್ನ ಮೂಲಕ್ಕೆ ಮತ್ತೆ ಕೂಡಿಸುತ್ತೆ. ಒಂದು ಸಾಲಿನ ಆರು ಪಿಕ್ಸೆಲ್ ತಗೊಳ್ಳಿ: 120, 120, 120, 230, 230, 230. ಮೊದಲ ಮೂರು ಡೆಂಟಿನ್, ಆಮೇಲಿನ ಮೂರು ಲೋಹ. 0 ಅಂದರೆ ಕಪ್ಪು, 255 ಅಂದರೆ ಪೂರ್ತಿ ಬಿಳಿ. ಮೂರು ಮೂರರ ಸರಾಸರಿ ಹಾಕಿ ಮಸುಕು ಮಾಡಿದರೆ ಗಡಿಯ ಡೆಂಟಿನ್ ಪಿಕ್ಸೆಲ್ 157 ಆಗುತ್ತೆ, ಗಡಿಯ ಲೋಹ 193. ವ್ಯತ್ಯಾಸ ಕಡೆಗೆ ಕೂಡಿಸಿದಾಗ ಡೆಂಟಿನ್ 120ರಿಂದ 83ಕ್ಕೆ ಇಳಿಯುತ್ತೆ, ಲೋಹ 255ಕ್ಕೆ ಹೋಗಿ ತಲೆ ಹೊಡೆಯುತ್ತೆ. ಹಲ್ಲಿನಲ್ಲಿ ಏನೂ ಬದಲಾಗಿಲ್ಲ, ಆದರೆ ಲೋಹಕ್ಕೆ ತಾಗಿದ ಪಿಕ್ಸೆಲ್ ಕಪ್ಪಾಯಿತು. ಅಂಚು ಚೂಪಾಗಿ ಕಾಣೋದು ಈ ಏರಿಳಿತದಿಂದಲೇ, ಹಾಗಾಗಿ ಈ ಫಿಲ್ಟರ್ ಇದ್ದ ಕಡೆ ಆ ಗೆರೆಯೂ ಇದ್ದೇ ಇರುತ್ತೆ.

ಗೆರೆಯ ಅಗಲ ಎಷ್ಟು? ಪಿಕ್ಸೆಲ್ 20 ಮೈಕ್ರಾನ್ ಇರೋ ಸೆನ್ಸರ್ ಅಂದುಕೊಳ್ಳಿ. ಮಸುಕು ಮಾಡೋ ಕಿಟಕಿ 15 ಪಿಕ್ಸೆಲ್‌ದಾದರೆ ಗೆರೆ ಒಂದು ಬದಿಗೆ 7 ಪಿಕ್ಸೆಲ್, ಅಂದರೆ 0.14 ಮಿಲಿಮೀಟರ್. ಬೇರಿನ ಸುತ್ತ ಇರೋ ಪೆರಿಯೋಡಾಂಟಲ್ ಲಿಗಮೆಂಟ್ ಜಾಗ ಹೆಚ್ಚುಕಮ್ಮಿ 0.2 ಮಿಲಿಮೀಟರ್ ಅಂತ ಅಕ್ಕ ಹೇಳಿದಳು. ಅಂದರೆ ಫಿಲ್ಟರ್ ಹುಟ್ಟಿಸೋ ಗೆರೆ ನೀವು ಹುಡುಕೋ ವಸ್ತುಗಳ ಅಳತೆಯಲ್ಲೇ ಇದೆ. ಮೋಸ ಹೋಗೋದಕ್ಕೆ ಇದೇ ಕಾರಣ.

ಇನ್ನೊಂದು ವಿಷಯ. ಎಲ್ಲ ‘ಫಿಲ್ಟರ್’ಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. 12 ಬಿಟ್‌ನ ಚಿತ್ರದಲ್ಲಿ 4096 ಬೂದು ಮೆಟ್ಟಿಲುಗಳಿರುತ್ತವೆ, ಸಾಮಾನ್ಯ ಪರದೆ ತೋರಿಸೋದು 256. ಅಂದರೆ ಪರದೆಯ ಒಂದು ಮೆಟ್ಟಿಲಿನ ಕೆಳಗೆ ಹದಿನಾರು ಮೆಟ್ಟಿಲು ಮಡಚಿಕೊಂಡಿವೆ. ಬ್ರೈಟ್‌ನೆಸ್, ಕಾಂಟ್ರಾಸ್ಟ್ ಎಳೆದಾಗ ನಿಜವಾಗಿ ಸೆರೆಯಾಗಿದ್ದ ಮೆಟ್ಟಿಲುಗಳು ಕಣ್ಣಿಗೆ ಬರುತ್ತವೆ. ಅಲ್ಲಿ ಪ್ರತಿ ಪಿಕ್ಸೆಲ್ ತನ್ನ ಬೆಲೆಯಿಂದಷ್ಟೇ ಬದಲಾಗುತ್ತೆ, ಪಕ್ಕದ ಪಿಕ್ಸೆಲ್‌ನ ಮಾತು ಕೇಳೋದಿಲ್ಲ. ಶಾರ್ಪನ್, ಉಬ್ಬುಚಿತ್ರದ ಹಾಗೆ ಮಾಡೋ ಎಂಬಾಸ್, ಚುಕ್ಕಿ ಒರೆಸೋ ಮೀಡಿಯನ್ ಇವೆಲ್ಲ ಪಕ್ಕದವರನ್ನ ಕೇಳಿ ಬದಲಾಗೋವು. ಸಿಎಲ್‌ಎಎಚ್‌ಇ ಅನ್ನೋ ಕಾಂಟ್ರಾಸ್ಟ್ ಫಿಲ್ಟರ್ ಕೂಡ ಸುತ್ತಲಿನ ತುಂಡನ್ನ ನೋಡಿ ಕಾಂಟ್ರಾಸ್ಟ್ ಹಂಚುತ್ತೆ. ಹಾಗಾಗಿ ಅದರಲ್ಲಿ ಒಂದೇ ಸಾಂದ್ರತೆಯ ಎರಡು ಜಾಗ ಎರಡು ಬೂದಾಗಿ ಕಾಣಬಹುದು.

ರೂಟ್ ಕೆನಾಲ್ ಧಾರವಾಡ:

ನಮಸ್ಕಾರ್ರಿ. ಲೆಕ್ಕ ಭಾಳ ಚಂದ ತಿಳಿಸಿ ಹೇಳಿದ್ರಿ. ಆದ್ರ ಇದನ್ನ ಓದಿ ಯಾರರ ಶಾರ್ಪನ್ ಪೂರಾ ಬ್ಯಾಡ ಅಂದ್ರ ನನಗ ಒಪ್ಪಿಗಿ ಇಲ್ಲ. ನಾ ದಿನಾ ರೂಟ್ ಕೆನಾಲ್ ಮಾಡಾಂವ. ಬೇರಿನ ತುದಿಯೊಳಗ ಫೈಲ್ (ಕೆನಾಲ್ ಕೆರಿಯೂ ಸೂಜಿಯಂಥ ಸಾಧನ) ಎಲ್ಲಿ ಮುಟ್ಟೈತಿ ಅಂತ ನೋಡೂ ಮುಂದ ಶಾರ್ಪನ್ ಹಾಕಿದ್ರ ನನಗ ತುದಿ ಲಗೂನ ಸಿಗತೈತಿ. ಅಲ್ಲೆ ನಾ ಹುಳುಕು ಹುಡುಕೂದಿಲ್ಲ, ಲೋಹದ ತುದಿ ಹುಡುಕತೀನಿ. ಲೋಹದ ಅಂಚು ಎದ್ದು ಕಾಣೂದ ನನಗ ಬೇಕಾಗಿದ್ದು.

ಆದರೂ ಒಂದು ಮಿತಿ ಐತಿ. 15 ನಂಬರ್ ಫೈಲಿನ ತುದಿ 0.15 ಮಿಲಿಮೀಟರ್, ಅದು ಕಾಣತೈತಿ. 8 ನಂಬರ್ ಹಾಕಿ ‘ಫಿಲ್ಟರ್ ಹಾಕ್ರಿ, ಕಾಣಬಹುದು’ ಅಂದ್ರ ಆಗೂದಿಲ್ಲ. 0.08ರ ತುದಿ ನಾಯ್ಸ್‌ನ್ಯಾಗ, ಅಂದ್ರ ಚಿತ್ರದ ಮರಳಿನಂಥ ಚುಕ್ಕಿಯೊಳಗ, ಕಲತು ಹೋಗಿರತೈತಿ, ಶಾರ್ಪನ್ ಆ ನಾಯ್ಸನ್ನೂ ಜೋಡೀಲೆ ಎತ್ತತೈತಿ. ಅಲ್ಲೆ ಬೇರಿನ ತುದಿ ಹುಡುಕೂ ಏಪೆಕ್ಸ್ ಲೊಕೇಟರ್ ಯಂತ್ರ ನಂಬ್ರಿ, ಇಲ್ಲಾ ಕೆನಾಲ್ ಸ್ವಲ್ಪ ಅಗಲ ಮಾಡಿ 15 ಇಟ್ಟು ಚಿತ್ರ ತಗೀರಿ.

ಮತ್ತ ಬೇರಿನ ತುದಿಯ ಗಾಯದ ವಿಷಯ. ಬೆಂಡರ್ ಮತ್ತು ಸೆಲ್ಟ್ಜರ್ 1961ರಾಗ ಒಣ ದವಡೆ ಮೂಳಿ ತಗೊಂಡು ತೋರಿಸಿಬಿಟ್ಟಾರ: ಗಾಯ ಒಳಗಿನ ಸ್ಪಂಜಿನಂಥ ಮೂಳಿಯೊಳಗ ಅಷ್ಟ ಇದ್ದು ಹೊರಗಿನ ಗಟ್ಟಿ ಮೂಳಿಗೆ ತಾಗಿಲ್ಲಂದ್ರ, ಎಕ್ಸ್‌ರೇದಾಗ ಅದು ಕಾಣದ ಹೋಗಬಹುದು. ಸೆನ್ಸರ್‌ಗೆ ಮುಟ್ಟಲಾರದ್ದನ್ನ ಯಾವ ಫಿಲ್ಟರ್ ತಂದು ಕೊಡತೈತ್ರಿ? ಬಾವು ಬಂದೈತಿ, ತಟ್ಟಿದ್ರ ನೋವು, ಕೋಲ್ಡ್ ಟೆಸ್ಟ್‌ಗೆ ಏನೂ ಅನ್ನಂಗಿಲ್ಲ ಅಂದ್ರ ಚಿತ್ರ ಸ್ವಚ್ಛ ಇದ್ರೂ ನಾ ಹಲ್ಲನ್ನ ನಂಬತೀನಿ.

ಓಎಂಆರ್ ಮೇಷ್ಟ್ರು, ದಾವಣಗೆರೆ:

ಧಾರವಾಡದ ಸರ್ ಹೇಳಿದ್ದನ್ನ ಪೂರ್ತಿ ಒಪ್ಪುತ್ತೀನಿ. ಯಾವ ಪ್ರಶ್ನೆಗೆ ಯಾವ ಫಿಲ್ಟರ್ ಅನ್ನೋದೇ ಇಲ್ಲಿ ಮುಖ್ಯ. ಫೈಲ್ ತುದಿಗೆ ಸಹಾಯ ಮಾಡೋ ಅದೇ ಶಾರ್ಪನ್, ಫಿಲ್ಲಿಂಗ್ ಪಕ್ಕದ ಹುಳುಕಿನ ಪ್ರಶ್ನೆಗೆ ಕೈ ಕೊಡುತ್ತೆ.

ಹಲ್ಲುಗಳ ನಡುವಿನ ಹುಳುಕಿನ ವಿಷಯದಲ್ಲಿ ಫಿಲ್ಟರ್ ಪರೀಕ್ಷೆ ಮಾಡೋ ರೀತಿ ಹೀಗೆ: ಕಿತ್ತ ಹಲ್ಲುಗಳನ್ನ ಸಾಲಾಗಿ ಜೋಡಿಸಿ ಎಕ್ಸ್‌ರೇ ತೆಗೀತಾರೆ, ಫಿಲ್ಟರ್ ಹಾಕಿದ್ದು, ಹಾಕದ್ದು ಎರಡನ್ನೂ ಹಲವು ವೈದ್ಯರಿಗೆ ತೋರಿಸ್ತಾರೆ. ಆಮೇಲೆ ಹಲ್ಲನ್ನೇ ತೆಳ್ಳಗೆ ಸೀಳಿ ಮೈಕ್ರೋಸ್ಕೋಪ್‌ನಲ್ಲಿ ನೋಡಿ ಯಾರು ಸರಿ ಅಂತ ತೀರ್ಮಾನ. ಇಂಥ ಅಧ್ಯಯನಗಳನ್ನ ಒಟ್ಟಿಗೆ ಓದಿದಾಗ ನನಗೆ ಕಂಡದ್ದು, ಹುಳುಕು ಪತ್ತೆಯಲ್ಲಿ ಫಿಲ್ಟರ್‌ಗಳು ಭರವಸೆ ಇಡೋಷ್ಟು ಲಾಭ ಕೊಟ್ಟಿಲ್ಲ. ಒಂದು ಕಡೆ ಒಂದಿಷ್ಟು ಹುಳುಕು ಹೆಚ್ಚು ಸಿಗುತ್ತೆ, ಇನ್ನೊಂದು ಕಡೆ ಚೆನ್ನಾಗಿರೋ ಹಲ್ಲನ್ನೂ ಹುಳುಕು ಅನ್ನೋದು ಹೆಚ್ಚುತ್ತೆ. ಕಪ್ಪು ಬಿಳಿ ಅದಲುಬದಲು ಮಾಡೋ ಇನ್ವರ್ಟ್, ಎಂಬಾಸ್ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ, ರೋಗ ಪತ್ತೆಗೆ ನಾನು ಅವನ್ನ ಮುಟ್ಟೋದಿಲ್ಲ. ಎಕ್ಸ್‌ರೇಯಲ್ಲಿ ಹುಳುಕು ಕಾಣಬೇಕಾದರೆ ಖನಿಜಾಂಶ ಸುಮಾರು 30ರಿಂದ 40 ಶೇಕಡಾ ಕರಗಿರಬೇಕು ಅನ್ನೋದನ್ನ ನಾವೆಲ್ಲ ಓದಿದ್ದೀವಿ. ಅದಕ್ಕಿಂತ ಮೊದಲಿನದನ್ನ ಫಿಲ್ಟರ್‌ನಿಂದ ಎಳೆದು ತರೋ ಆಸೆ ಬೇಡ.

ಒಂದು ಹಳೇ ಮಾತು. ರಾಂಟ್‌ಜನ್ 1895ರ ನವೆಂಬರ್‌ನಲ್ಲಿ ಕಿರಣ ಕಂಡ, 1896ರ ಜನವರಿಯಲ್ಲೇ ಜರ್ಮನಿಯ ಒಟ್ಟೊ ವಾಲ್ಕ್‌ಹಾಫ್ ತನ್ನ ಹಲ್ಲಿನ ಚಿತ್ರ ತೆಗೆಸಿಕೊಂಡ. ಅದಕ್ಕೆ 25 ನಿಮಿಷ ಕಿರಣಕ್ಕೆ ಒಡ್ಡಿಕೊಂಡು ಮಲಗಿದ್ದನಂತೆ. 1980ರ ದಶಕದಲ್ಲಿ ಫ್ರಾನ್ಸಿನ ಫ್ರಾನ್ಸಿಸ್ ಮುಯೆನ್ ತಂದ ರೇಡಿಯೋವಿಸಿಯೋಗ್ರಫಿಯ ಹೆಸರೇ ನಮ್ಮಲ್ಲಿ ಆರ್‌ವಿಜಿ ಆಗಿ ಉಳಿದಿದೆ. ಇವತ್ತು ಯಾವ ಕಂಪನಿಯ ಸೆನ್ಸರ್ ಆದರೂ ನಾವು ಆರ್‌ವಿಜಿ ಅಂತಲೇ ಕರೀತೀವಿ. 25 ನಿಮಿಷದಿಂದ ಸೆಕೆಂಡಿನ ಒಂದು ಚೂರಿಗೆ ಬಂದಿದ್ದೀವಿ, ಒಂದು ಬಟನ್ ಹೆಚ್ಚಿಗೆ ಒತ್ತಿ ಮೂಲ ಚಿತ್ರ ನೋಡೋಕೆ ಸಮಯ ಇಲ್ಲ ಅನ್ನೋದು ನ್ಯಾಯ ಅಲ್ಲ.

ಬಿಡಿಎಸ್ ಇಂಟರ್ನ್:

ಸರ್, ಮೇಡಂ, ಒಂದು ಡೌಟು. ನಮ್ಮಲ್ಲಿ ಪಿಎಸ್‌ಪಿ ಪ್ಲೇಟ್, ಅಂದರೆ ಎಕ್ಸ್‌ರೇ ಹಿಡಿದಿಟ್ಟು ಆಮೇಲೆ ಸ್ಕ್ಯಾನರ್‌ನಲ್ಲಿ ಓದಿಸೋ ತಟ್ಟೆ, ಇದೆ. ಎಕ್ಸ್‌ಪೋಷರ್ ಕಮ್ಮಿಯಾದರೂ ಸ್ಕ್ಯಾನರ್‌ನಿಂದ ಚಿತ್ರ ಚೆನ್ನಾಗೇ ಬರುತ್ತೆ, ಆದರೆ ಮರಳು ಚೆಲ್ಲಿದ ಹಾಗೆ ಕಾಣುತ್ತೆ. ಸ್ಮೂತ್ ಹಾಕಿದರೆ ಮರಳು ಹೋಗುತ್ತೆ. ರಿಪೀಟ್ ಮಾಡಿ ಪೇಷೆಂಟ್‌ಗೆ ಎರಡನೇ ಸಲ ರೇಡಿಯೇಶನ್ ಕೊಡೋದಕ್ಕಿಂತ ಇದೇ ವಾಸಿ ಅಲ್ವಾ?

ಸಿಗ್ನಲ್ ಎಂಜಿನಿಯರ್, ಬೆಂಗಳೂರು:

ಮರಳು ಅಂದಿರಲ್ಲ, ಅದು ಕಿರಣದ ಕಣಗಳ ಎಣಿಕೆಯೇ ಕಮ್ಮಿ ಬಿದ್ದ ಗುರುತು. ಡೋಸ್ ಕಾಲು ಭಾಗಕ್ಕೆ ಇಳಿಸಿದರೆ ಸಿಗ್ನಲ್‌ಗೂ ನಾಯ್ಸ್‌ಗೂ ಇರೋ ಅನುಪಾತ ಅರ್ಧಕ್ಕಿಳಿಯುತ್ತೆ. ಸ್ಮೂತ್ ಹಾಕಿದಾಗ ಮರಳಿನ ಜೊತೆಗೆ ಮರಳಿನಷ್ಟೇ ಸಣ್ಣದಾಗಿರೋ ನಿಜವಾದ ವಿವರವೂ ಒರೆಸಿ ಹೋಗುತ್ತೆ. ಎನಾಮಲ್ ಒಳಗಿನ ಸಣ್ಣ ಹುಳುಕು ಅದೇ ಅಳತೆಯದು.

ಓಎಂಆರ್ ಮೇಷ್ಟ್ರು, ದಾವಣಗೆರೆ:

ಇಂಟರ್ನ್ ಮರಿ, ಒಳ್ಳೇ ಪ್ರಶ್ನೆ ಕೇಳಿದೆ. ನೀನು ಎಲ್ಲಿ ನೋಡ್ತಿದ್ದೀಯ ಅನ್ನೋದರ ಮೇಲೆ ಉತ್ತರ. ಅಕ್ಕಲದಾಡೆ ಎಲ್ಲಿದೆ ಅಂತ ನೋಡೋಕಾದರೆ ಆ ಚಿತ್ರವೇ ಸಾಕು, ರಿಪೀಟ್ ಬೇಡ. ಹಲ್ಲುಗಳ ನಡುವಿನ ಹುಳುಕು ನೋಡೋಕಾದರೆ ಸಾಲದು. ಮೊದಲು ಕೇಳಬೇಕಾದ್ದು, ಎಕ್ಸ್‌ಪೋಷರ್ ಯಾಕೆ ಕಮ್ಮಿಯಾಯಿತು? ಫಿಲ್ಮ್ ಇದ್ದಾಗ ಡೆವಲಪರ್‌ನಿಂದ ತೆಗೆದ ತಕ್ಷಣ ಚಿತ್ರ ಬಿಳಚಿಕೊಂಡಿದ್ದರೆ ಗೊತ್ತಾಗಿಬಿಡುತ್ತಿತ್ತು. ಈಗ ಸಾಫ್ಟ್‌ವೇರ್ ತಾನೇ ಸರಿಪಡಿಸಿ ಚೆಂದ ಮಾಡಿ ಕೊಡುತ್ತೆ. ಕಮ್ಮಿಯಾದದ್ದೂ ಗೊತ್ತಾಗೋದಿಲ್ಲ, ಜಾಸ್ತಿಯಾದದ್ದೂ ಗೊತ್ತಾಗೋದಿಲ್ಲ. ಜಾಸ್ತಿ ಕೊಟ್ಟರೆ ಮರಳು ಇರೋದಿಲ್ಲ ಅಂತ ಕೈ ತಾನಾಗೇ ಜಾಸ್ತಿಯ ಕಡೆ ಹೋಗುತ್ತೆ, ಅದು ಇನ್ನೂ ಕೆಟ್ಟದ್ದು. ಪ್ಲೇಟನ್ನ ಬೆಳಕಿನಲ್ಲಿ ಬಿಡದೆ ಬೇಗ ಸ್ಕ್ಯಾನ್ ಮಾಡು. ಪ್ಲೇಟ್ ಮೇಲಿನ ಗೀರುಗಳನ್ನೂ ನೋಡಿಕೋ, ಶಾರ್ಪನ್ ಹಾಕಿದರೆ ಗೀರು ಬೇರಿನ ಬಿರುಕಿನ ಹಾಗೇ ಕಾಣುತ್ತೆ.

ಇನ್ನೊಂದು, ಮಾನಿಟರ್ ಎದುರಿನ ಕಿಟಕಿಗೆ ಪರದೆ ಎಳಿ, ತಲೆ ಮೇಲಿನ ಟ್ಯೂಬ್‌ಲೈಟ್ ಆರಿಸು. ಎಷ್ಟೋ ಸಲ ಯಾವ ಫಿಲ್ಟರೂ ಮಾಡದ ಉಪಕಾರವನ್ನ ಅದು ಮಾಡುತ್ತೆ.

ಹಾಸನದಿಂದ ಒಬ್ಬ ಓದುಗ:

ನಾನು ಡಾಕ್ಟರಲ್ಲ, ಓದಿ ಸುಮ್ಮನೆ ಇರೋಕಾಗಲಿಲ್ಲ. ಹೋದ ತಿಂಗಳು ಅಮ್ಮನನ್ನ ಒಂದು ಕ್ಲಿನಿಕ್‌ಗೆ ಕರ್ಕೊಂಡು ಹೋಗಿದ್ದೆ. ದೊಡ್ಡ ಟಿವಿಯಲ್ಲಿ ಹಲ್ಲಿನ ಚಿತ್ರ ಬಣ್ಣಬಣ್ಣವಾಗಿ ತೋರಿಸಿ, ಕೆಂಪಗಿರೋದೆಲ್ಲ ಹುಳುಕು, ಆರು ಹಲ್ಲಿಗೆ ಕೆಲಸ ಇದೆ ಅಂದರು. ಅಮ್ಮನಿಗೆ ನೋವಿದ್ದದ್ದು ಒಂದೇ ಹಲ್ಲು. ನಾವು ಏನು ಕೇಳಬೇಕು?

ಮಕ್ಕಳ ಹಲ್ಲು, ಮಂಗಳೂರು:

ಅಣ್ಣಾ, ಎಕ್ಸ್‌ರೇಗೆ ಬಣ್ಣ ಇರೋದಿಲ್ಲ. ಇಷ್ಟರಿಂದ ಇಷ್ಟರ ತನಕದ ಬೂದಿಗೆ ಕೆಂಪು ಹಚ್ಚು ಅಂತ ಕಂಪ್ಯೂಟರ್‌ಗೆ ಹೇಳಿದರೆ ಅದು ಹಚ್ಚುತ್ತದೆ. ಹಲ್ಲಿನ ಒಳಗಿನ ನರದ ಜಾಗ ಸಹ ಕಪ್ಪೇ, ಅದಕ್ಕೂ ಅದೇ ಬಣ್ಣ ಬೀಳಬಹುದು. ಕೃತಕ ಬುದ್ಧಿಮತ್ತೆಯ ಸಾಫ್ಟ್‌ವೇರ್ ಗುರುತು ಹಾಕಿದ್ದಾದರೆ ಅದು ಬೇರೆ ವಿಷಯ. ಆಗಲೂ ಅದು ‘ಇಲ್ಲಿ ಒಮ್ಮೆ ನೋಡಿ’ ಅನ್ನುವ ಸೂಚನೆ ಮಾತ್ರ, ತೀರ್ಮಾನ ಡಾಕ್ಟರರದ್ದು. ನೀವು ಕೇಳಬೇಕಾದ್ದು ಇಷ್ಟು: ಬಣ್ಣ ಇಲ್ಲದ ಮೂಲ ಚಿತ್ರ ತೋರಿಸಿ, ಆರು ಹಲ್ಲಲ್ಲಿ ಒಂದೊಂದಕ್ಕೂ ಬಾಯಲ್ಲಿ ಏನು ಕಂಡಿತು ಹೇಳಿ. ಕನ್ನಡಿ ಹಿಡಿದು ಅಮ್ಮನಿಗೇ ತೋರಿಸಲಿ. ಮೂಲ ಚಿತ್ರದ ಪ್ರತಿ ತಗೊಂಡು ಇನ್ನೊಬ್ಬರನ್ನೂ ಕೇಳಿ, ಅದರಲ್ಲಿ ಸಂಕೋಚ ಬೇಡ. ವಾಟ್ಸಾಪ್‌ನಲ್ಲಿ ಫೋಟೋದಂತೆ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಡಾಕ್ಟರರಿಗೆ ನನ್ನ ಕಡೆಯಿಂದ ಒಂದು ಉಪಾಯ. ಮಕ್ಕಳಲ್ಲಿ ಚಿತ್ರ ಅಲ್ಲಾಡಿ ಮಸುಕಾಗುವುದು ದಿನಾ ಇದ್ದದ್ದೇ, ಅದನ್ನು ಶಾರ್ಪನ್ ಸರಿ ಮಾಡುವುದಿಲ್ಲ. ಎರಡು ದವಡೆ ಹಲ್ಲಿನ ನಡುವೆ ಅನುಮಾನ ಉಳಿದರೆ ನಾನು ಹಲ್ಲಿಗೆ ತಂತಿ ಹಾಕುವ ಆರ್ಥೋದವರು ಬಳಸುವ ಪುಟ್ಟ ರಬ್ಬರ್ ಸೆಪರೇಟರ್ ಸಿಕ್ಕಿಸಿ ಎರಡು ಮೂರು ದಿನ ಬಿಟ್ಟು ಕರೆಯುತ್ತೇನೆ. ಹಲ್ಲುಗಳು ಒಂದಿಷ್ಟು ಸರಿದು ಜಾಗ ಆಗಿರುತ್ತದೆ. ಗಾಳಿ ಊದಿ, ಒಣಗಿಸಿ, ಕಣ್ಣಲ್ಲೇ ನೋಡಬಹುದು. ಮೇಲ್ಮೈ ಒಡೆದಿಲ್ಲ, ಬರೀ ಬೆಳ್ಳಗಾಗಿದೆ ಅಂದರೆ ಫ್ಲೋರೈಡ್ ವಾರ್ನಿಷ್ ಹಚ್ಚಿ ಕಾಯುತ್ತೇನೆ, ಡ್ರಿಲ್ ಮುಟ್ಟುವುದಿಲ್ಲ.

ತಿಪಟೂರು ಡೆಂಟಿಸ್ಟ್:

ಎಲ್ಲರಿಗೂ ಕೈ ಮುಗೀತೀನಿ. ಮೂರು ವಾರ ಬಿಟ್ಟು ಬರೀತಿದ್ದೀನಿ, ಅಷ್ಟರಲ್ಲಿ ಮಾಡಿದ್ದನ್ನ ಹೇಳ್ತೀನಿ.

ಸೆಟಿಂಗ್ಸ್ ಹುಡುಕಿ ತಾನಾಗೇ ಬರೋ ಶಾರ್ಪನ್ ತೆಗೆದೆ. ಅದು ಸಿಕ್ಕಿದ್ದು ಸೆನ್ಸರ್‌ನ ಪುಟದಲ್ಲಿ, ಚಿತ್ರ ನೋಡೋ ಪುಟದಲ್ಲಲ್ಲ. ಯಾರಿಗಾದರೂ ಸಿಗದಿದ್ದರೆ ಅಲ್ಲೂ ನೋಡಿ. ಅದೃಷ್ಟಕ್ಕೆ ನನ್ನ ಸಾಫ್ಟ್‌ವೇರ್ ಮೂಲ ಚಿತ್ರವನ್ನ ಬೇರೆಯಾಗೇ ಉಳಿಸಿಟ್ಟಿತ್ತು, ಇನ್ನು ಮುಂದೆ ಬ್ಯಾಕಪ್‌ಗೂ ಜೆಪೆಗ್ ಬದಲು ವೈದ್ಯಕೀಯ ಚಿತ್ರಗಳ ಡೈಕಾಮ್ ಫೈಲ್. ಸರ್ವಿಸ್ ಆದಾಗಿನಿಂದ ‘ಫಿಲ್ಲಿಂಗ್ ಬದಲಾಯಿಸಬೇಕು’ ಅಂತ ಬರೆದಿಟ್ಟ ಕಾರ್ಡ್‌ಗಳನ್ನೆಲ್ಲ ತೆಗೆದು, ಮೂಲ ಚಿತ್ರ ಮುಂದಿಟ್ಟುಕೊಂಡು ಕೂತೆ. ಚೀಟಿ ಮುಚ್ಚಿ ನೋಡಿದೆ, ಗೆರೆಯ ದಪ್ಪ ನೋಡಿದೆ. ಐದು ಜನರದ್ದು ಇನ್ನೂ ಮುಟ್ಟಿರಲಿಲ್ಲ. ನಾಲ್ವರಿಗೆ ಫೋನ್ ಮಾಡಿ ಕೆಲಸ ಬೇಡ, ಆರು ತಿಂಗಳಿಗೆ ಬಂದು ತೋರಿಸಿ ಅಂದೆ.

ಐದನೆಯವರು ತೆಂಗಿನಕಾಯಿ ವ್ಯಾಪಾರಿ, ಅವರದ್ದು 46, ಕೆಳಗಿನ ಬಲಗಡೆ ದವಡೆ ಹಲ್ಲು. ಫಿಲ್ಟರ್ ತೆಗೆದರೂ ಕಪ್ಪು ಹೋಗಲಿಲ್ಲ. ಮೊದಲಿನಷ್ಟು ಚೂಪಾಗಿರಲಿಲ್ಲ, ಮಸುಕಾಗಿ, ಒಂದು ಮೂಲೆಗೆ ಅಗಲವಾಗಿ ಹರಡಿತ್ತು. ಕೋನ ಸ್ವಲ್ಪ ಬದಲಿಸಿ ಬೈಟ್‌ವಿಂಗ್, ಅಂದರೆ ಹಲ್ಲು ಕಚ್ಚಿಸಿ ತೆಗೆಯೋ ಎಕ್ಸ್‌ರೇ, ತೆಗೆದೆ, ಅಲ್ಲೂ ಇತ್ತು. ಕಾಂಟ್ರಾಸ್ಟ್ ಒಂದನ್ನೇ ಎಳೆದಾಗ ಅಂಚು ಇನ್ನಷ್ಟು ತಿಳಿಯಾಯಿತು. ನಿನ್ನೆ ಫಿಲ್ಲಿಂಗ್ ತೆಗೆದೆ. ಎಕ್ಸ್‌ಕವೇಟರ್‌ಗೆ ಒದ್ದೆ ತೊಗಲಿನ ಹಾಗೆ ಕಂದು ಡೆಂಟಿನ್ ಪದರ ಪದರವಾಗಿ ಎದ್ದು ಬಂತು. ನರಕ್ಕೆ ಇನ್ನೂ ತಾಗಿರಲಿಲ್ಲ. ಕ್ಲೀನ್ ಮಾಡಿ ಹೊಸ ಫಿಲ್ಲಿಂಗ್ ಹಾಕಿ ಕಳಿಸಿದ್ದೀನಿ.